ಹಗುರ ಫ್ಲೈವೀಲ್: ಯಾವ ಕಾರಿಗೆ ಸರಿ, ಹೇಗೆ ಕೂರಿಸಬೇಕು, ವಾರಂಟಿ ಏನಾಗುತ್ತದೆ

ಹಗುರ ಫ್ಲೈವೀಲ್ ಹಾಕಿಸಬೇಕೆಂದು ಮನಸ್ಸು ಮಾಡಿದ್ದರೆ ಮೊದಲು ಎರಡು ವಿಷಯ ನೋಡಿಕೊಳ್ಳಿ: ಕಾರಿನ ವಾರಂಟಿ ಯಾವಾಗ ಮುಗಿಯುತ್ತದೆ, ಈಗಿರುವ ಕ್ಲಚ್ ಇನ್ನೆಷ್ಟು ದಿನ ಬರುತ್ತದೆ. ವಾರಂಟಿ ಮುಗಿದು, ಕ್ಲಚ್ ಸವೆದ ಮೇಲೆ ಕೈಹಾಕಿದರೆ ಇದು ಒಳ್ಳೆಯ ಕೆಲಸ. ಅದಕ್ಕಿಂತ ಮುಂಚೆ ಮಾಡಿದರೆ ಸಿಗುವ ಸುಖಕ್ಕಿಂತ ಹೊರುವ ಭಾರವೇ ಹೆಚ್ಚು. ಫ್ಲೈವೀಲ್ ಎಂದರೆ ಎಂಜಿನ್‌ಗೂ ಕ್ಲಚ್‌ಗೂ ನಡುವೆ ಸುತ್ತುವ ಭಾರದ ತಟ್ಟೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಕ್ಲಚ್ ಬದಲಿಸುವಾಗ ಹೇಗೂ ಗೇರ್‌ಬಾಕ್ಸ್ ಇಳಿಯುವುದರಿಂದ ಅದೇ ಮಜೂರಿಯಲ್ಲಿ ಇದೂ ಮುಗಿಯುತ್ತದೆ.

ಪುಣೆಯಲ್ಲಿರುವ ನಮ್ಮವರ ಕಾರಿಗೆ ಸಾಮಾನ್ಯವಾಗಿ ಎರಡು ಬದುಕು. ವಾರವೆಲ್ಲ ಹಿಂಜವಡಿ, ಚಾಂದಣಿ ಚೌಕದ ಟ್ರಾಫಿಕ್ಕಿನಲ್ಲಿ ಒಂದನೇ ಗೇರು, ಎರಡನೇ ಗೇರು. ರಜೆ ಬಂತೆಂದರೆ ಖಂಬಾಟ್ಕಿ ಘಾಟ್ ಏರಿ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಯೋ ಹುಬ್ಬಳ್ಳಿಯೋ. ಎಷ್ಟು ಹಗುರ ಬೇಕು ಎಂಬುದನ್ನು ಈ ಎರಡು ಬದುಕನ್ನೂ ಲೆಕ್ಕಕ್ಕೆ ಹಿಡಿದೇ ತೀರ್ಮಾನಿಸಬೇಕು. ರೇಸ್ ಟ್ರ್ಯಾಕಿನ ವಿಡಿಯೋ ನೋಡಿ ಆರಿಸಬಾರದು.

ತೂಕ ಇಳಿದರೆ ಆಗುವುದೇನು

ಕುಂಬಾರನ ತಿಗರಿ ನೆನಪಿಸಿಕೊಳ್ಳಿ. ಕೋಲಿನಿಂದ ಒಮ್ಮೆ ಜೋರಾಗಿ ತಿರುಗಿಸಿ ಬಿಟ್ಟರೆ ಮಡಕೆ ಮುಗಿಯುವವರೆಗೂ ಸುತ್ತುತ್ತಲೇ ಇರುತ್ತದೆ. ಅಂಚು ಭಾರವಾಗಿರುವುದೇ ಅದಕ್ಕೆ ಕಾರಣ. ಫ್ಲೈವೀಲ್ ಕೆಲಸವೂ ಅದೇ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ದಂಡ) ಒಂದು ಸುತ್ತು ಸುತ್ತುವಾಗ ಎರಡು ಸಲ ಮಾತ್ರ ಇಂಧನ ಉರಿಯುತ್ತದೆ. ಆ ಎರಡು ಹೊಡೆತಗಳ ನಡುವಿನ ಖಾಲಿಯನ್ನು ಫ್ಲೈವೀಲ್ ತುಂಬಿಕೊಡುತ್ತದೆ. ತೂಕ ಇಳಿಸಿದರೆ ಎಂಜಿನ್ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಕುದುರೆಶಕ್ತಿ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ. ಚಕ್ರಕ್ಕೆ ಬರುವ ಶಕ್ತಿ ಅಳೆಯುವ ರೋಲರ್ ಡೈನೋ ಯಂತ್ರದ ಕಾಗದದಲ್ಲಿ ಸ್ವಲ್ಪ ಏರಿಕೆ ಕಂಡರೆ, ಎಂಜಿನ್ ತನ್ನನ್ನೇ ತಿರುಗಿಸಿಕೊಳ್ಳಲು ಮೊದಲು ಬಳಸುತ್ತಿದ್ದ ಶಕ್ತಿ ಈಗ ಚಕ್ರಕ್ಕೆ ಹೋಗುತ್ತಿದೆ ಎಂದಷ್ಟೇ ಅರ್ಥ.

ಲೆಕ್ಕ ಹಾಕಿದರೆ ವಿಷಯ ನಿಚ್ಚಳವಾಗುತ್ತದೆ. 14 ಸೆಂ.ಮೀ. ತ್ರಿಜ್ಯದ ಸಮದಪ್ಪ ತಟ್ಟೆಯಿಂದ 4 ಕೆಜಿ ಕಳೆದರೆ ಅದರ ಜಡತ್ವ ಸುಮಾರು 0.039 ಕೆಜಿ-ಚದರ ಮೀಟರ್ ಇಳಿಯುತ್ತದೆ. ಒಂದನೇ ಗೇರಿನಲ್ಲಿ ಫೈನಲ್ ಡ್ರೈವ್ ಸೇರಿ ಒಟ್ಟು ಅನುಪಾತ 14.8, ಟೈರಿನ ತ್ರಿಜ್ಯ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಆಗ ಕಾರಿನಿಂದ ಸುಮಾರು 95 ಕೆಜಿ ಇಳಿಸಿದಷ್ಟು ಚುರುಕು ಬರುತ್ತದೆ. ಐದನೇ ಗೇರಿನಲ್ಲಿ ಅನುಪಾತ 3.5 ಇದ್ದರೆ ಅದು ಬರೀ 5 ಕೆಜಿ. ಅಂದರೆ ಸಿಗ್ನಲ್‌ನಿಂದ ಹೊರಡುವಾಗ, ಘಾಟ್ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸುವಾಗ ಚೆನ್ನಾಗಿ ಗೊತ್ತಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಐದನೇ ಗೇರು ಹಾಕಿ ಹೋಗುವಾಗ ಏನೇನೂ ಗೊತ್ತಾಗುವುದಿಲ್ಲ. ಎಲ್ಲಿಂದ ತೂಕ ತೆಗೆದಿದ್ದಾರೆ ಎಂಬುದೂ ಮುಖ್ಯ. ತ್ರಿಜ್ಯ ಇಮ್ಮಡಿಯಾದರೆ ಪರಿಣಾಮ ನಾಲ್ಕು ಪಟ್ಟಾಗುವುದರಿಂದ ಅಂಚಿನಲ್ಲಿ ಒಂದು ಕೆಜಿ ತೆಗೆದದ್ದಕ್ಕೂ ನಡುವಿನಲ್ಲಿ ತೆಗೆದದ್ದಕ್ಕೂ ಅಜಗಜಾಂತರ. ಬರೀ ಒಟ್ಟು ತೂಕ ಹೇಳಿ ಮಾರುವವರನ್ನು ಇದನ್ನು ಕೇಳಿ.

ಯಾವ ಕಾರಿಗೆ ಬೇಡ

ಆಟೋಮ್ಯಾಟಿಕ್, ಡಿಎಸ್‌ಜಿ (ತಾನಾಗಿ ಗೇರ್ ಬದಲಿಸುವ ಎರಡು ಕ್ಲಚ್‌ನ ಗೇರ್‌ಬಾಕ್ಸ್) ಕಾರುಗಳಿಗೆ ಈ ಮಾತೇ ಅನ್ವಯಿಸುವುದಿಲ್ಲ. ಟರ್ಬೊ ಡೀಸೆಲ್‌ಗೂ ಬೇಡ. ಕಡಿಮೆ ಆರ್‌ಪಿಎಂನಲ್ಲಿ ಅದರ ಹೊಡೆತ ಬಲು ಜೋರು, ಆ ಅದುರು ನೇರ ಗೇರ್‌ಬಾಕ್ಸ್‌ಗೆ ಹೋಗುತ್ತದೆ.

ಪೆಟ್ರೋಲ್ ಮ್ಯಾನ್ಯುಯಲ್ ಕಾರುಗಳಲ್ಲೂ ಒಂದು ಭೇದ ತಿಳಿದಿರಲಿ. ಕೆಲವು ಕಾರುಗಳಲ್ಲಿ ಫ್ಲೈವೀಲ್ ಒಂದೇ ಗಟ್ಟಿ ತಟ್ಟೆ. ಇನ್ನು ಕೆಲವುಗಳಲ್ಲಿ ಡ್ಯುಯಲ್ ಮಾಸ್: ಎರಡು ತಟ್ಟೆ, ನಡುವೆ ಬಿಲ್ಲಿನಾಕಾರದ ಸ್ಪ್ರಿಂಗುಗಳು. ಮುಂದಿನ ತಟ್ಟೆ ಹಿಡಿದುಕೊಂಡು ಹಿಂದಿನದನ್ನು ಕೈಯಲ್ಲಿ ತಿರುಗಿಸಿದರೆ ಕೆಲವು ಡಿಗ್ರಿ ಸರಿದು ಸ್ಪ್ರಿಂಗ್ ಒತ್ತಿದ ಹಾಗೆ ವಾಪಸ್ ತಳ್ಳುತ್ತದೆ. ಇಂಥ ಕಾರಿಗೆ ಒಂಟಿ ತಟ್ಟೆಯ ಫ್ಲೈವೀಲ್ ಹಾಕಿದರೆ ಹಳೆಯ ಕ್ಲಚ್ ಪ್ಲೇಟ್ ನಡೆಯುವುದಿಲ್ಲ, ಏಕೆಂದರೆ ಅದರ ನಡುವಿನಲ್ಲಿ ಬಹುತೇಕ ಸ್ಪ್ರಿಂಗೇ ಇರುವುದಿಲ್ಲ. ಹಬ್‌ನಲ್ಲಿ ಸ್ಪ್ರಿಂಗ್ ಇರುವ ಪ್ಲೇಟ್ ಸೇರಿದ ಪೂರ್ತಿ ಕಿಟ್ ತೆಗೆದುಕೊಳ್ಳಬೇಕು. ಆಮೇಲೂ ನ್ಯೂಟ್ರಲ್‌ನಲ್ಲಿ ನಿಂತಾಗ ಡಬ್ಬಿಯಲ್ಲಿ ಕಲ್ಲು ಅಲುಗಿದಂಥ ಗಲಗಲ ಸದ್ದು ಬರುವ ಸಂಭವ ಇದ್ದೇ ಇದೆ. ಕ್ಲಚ್ ಒತ್ತಿದ ಕೂಡಲೇ ಸದ್ದು ನಿಂತರೆ ಅದು ಗೇರುಗಳ ಹಲ್ಲು ಒಂದಕ್ಕೊಂದು ತಾಗುವ ಸದ್ದು. ಮೊದಲು ಸ್ಪ್ರಿಂಗುಗಳು ನುಂಗುತ್ತಿದ್ದ ಅದುರು ಈಗ ಅಲ್ಲಿಗೆ ಮುಟ್ಟುತ್ತಿದೆ. ಈ ಸದ್ದು ಸಹಿಸಲು ಆಗದವರು ಡ್ಯುಯಲ್ ಮಾಸ್ ತೆಗೆಯಲೇಬಾರದು.

ತೂಕದ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ. ದಿನನಿತ್ಯ ಓಡಿಸುವ 1.5 ಅಥವಾ 1.6 ಲೀಟರಿನ ಕಾರಿನಲ್ಲಿ ಮೂಲ ಫ್ಲೈವೀಲ್ 8 ಕೆಜಿ ಇದ್ದರೆ 5.5 ಕೆಜಿಗೆ ನಿಲ್ಲಿಸಿ. 4 ಕೆಜಿಗಿಂತ ಕೆಳಗೆ ಹೋದರೆ ಏಪ್ರಿಲ್ ಬಿಸಿಲಿನಲ್ಲಿ ಎಸಿ ಕಂಪ್ರೆಸರ್ ಹಿಡಿದಾಗಲೆಲ್ಲ ಎಂಜಿನ್ ಮುಗ್ಗರಿಸುತ್ತದೆ. ಏರಿನಲ್ಲಿ ಹೊರಡಲು ಹೆಚ್ಚು ಆಕ್ಸಿಲರೇಟರ್ ಕೊಟ್ಟು ಕ್ಲಚ್ ಜಾರಿಸಬೇಕಾಗುತ್ತದೆ. ಹಾಗೆ ಜಾರಿಸಿದ ಶಾಖ ಹೊಸ ಕ್ಲಚ್‌ನ ಆಯಸ್ಸು ತಿನ್ನುತ್ತದೆ.

ಹಳೆಯದನ್ನೇ ಲೇತ್‌ಗೆ ಕೊಡಬೇಡಿ

ಭೋಸರಿಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಲೇತ್‌ಗೆ ಬರವಿಲ್ಲ. ಹಳೆಯ ಬೀಡುಕಬ್ಬಿಣದ ಫ್ಲೈವೀಲ್ ಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ಮೂರು ಕೆಜಿ ಕೆತ್ತಿ ಕೊಟ್ಟಾರು. ಕೊಡಬೇಡಿ. ಬೀಡುಕಬ್ಬಿಣ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಸುತ್ತುವ ತಟ್ಟೆಯೊಳಗೆ ಇರುವುದೆಲ್ಲ ಎಳೆತವೇ, ಅದೂ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ತೆಳುವಾದ ಕಡೆ ಕ್ಲಚ್ ಶಾಖಕ್ಕೆ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಒಂದು ದಿನ 6,000 ಆರ್‌ಪಿಎಂನಲ್ಲಿ ತುಂಡಾದರೆ ಆ ಚೂರುಗಳು ಬೆಲ್‌ಹೌಸಿಂಗ್ (ಕ್ಲಚ್ ಸುತ್ತಲಿನ ಗೇರ್‌ಬಾಕ್ಸ್ ಕವಚ) ಸೀಳಿಕೊಂಡು ಹೊರಬರುತ್ತವೆ. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಮನುಷ್ಯರು, ಎಲ್ಲ ಅದರ ದಾರಿಯಲ್ಲೇ ಇರುತ್ತಾರೆ.

ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕಿನ ಇಡೀ ಗಟ್ಟಿಯಿಂದ ಕಡೆದದ್ದು ರಸ್ತೆಯ ಕಾರಿಗೆ ಒಳ್ಳೆಯದು. ಅಲ್ಯೂಮಿನಿಯಂನದು ಇನ್ನೂ ಹಗುರ, ಆದರೆ ಕ್ಲಚ್ ಉಜ್ಜುವ ಜಾಗದಲ್ಲಿ ಉಕ್ಕಿನ ಬಳೆ ಬೋಲ್ಟ್ ಮಾಡಿ ಕೂರಿಸಿರುತ್ತಾರೆ. ಆ ಬಳೆ ಸವೆದರೆ ಬದಲಿಸಬೇಕು. ಅಮೆರಿಕದ ರೇಸಿಂಗ್ ಸುರಕ್ಷತಾ ಸಂಸ್ಥೆ ಎಸ್‌ಎಫ್‌ಐನ 1.1 ಪ್ರಮಾಣದ ಗುರುತಿದ್ದರೆ ನೆಮ್ಮದಿ.

ಪೆಟ್ಟಿಗೆ ಬಂದ ದಿನವೇ ಹಳೆಯ ಅಳತೆಗಳ ಜೊತೆ ತಾಳೆ ನೋಡಿ. ರಿಂಗ್ ಗೇರಿನ ಹಲ್ಲು ಎಣಿಸಿ. ಬೋಲ್ಟ್ ರಂಧ್ರಗಳ ನಡುವಿನ ಅಂತರ ಕೆಲವು ಎಂಜಿನ್‌ಗಳಲ್ಲಿ ಬೇಕೆಂತಲೇ ಅಸಮವಾಗಿರುತ್ತದೆ, ಅದು ಹೊಂದಬೇಕು. ಕ್ರ್ಯಾಂಕ್‌ಗೆ ತಾಗುವ ಮುಖದಿಂದ ಕ್ಲಚ್ ಉಜ್ಜುವ ಮುಖದವರೆಗಿನ ದಪ್ಪ ಒಂದೇ ಇರಬೇಕು. ವ್ಯತ್ಯಾಸವಿದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸರಿಯಾಗಿ ಮುಟ್ಟುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳು ಫ್ಲೈವೀಲ್ ಮೇಲೆಯೇ ಇರುತ್ತವೆ. ಹೊಸದರಲ್ಲಿ ಅವು ಇಲ್ಲದಿದ್ದರೆ ಕಾರು ಸ್ಟಾರ್ಟೇ ಆಗುವುದಿಲ್ಲ, ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಬ್ಯಾಲೆನ್ಸ್ ಬಗ್ಗೆ ಮಾರುವವರ ಬಾಯಿಮಾತು ಸಾಲದು. ಬ್ಯಾಲೆನ್ಸಿನ ನಿಖರತೆ ಹೇಳುವ ಜಿ 2.5 ದರ್ಜೆಗೆ 7,000 ಆರ್‌ಪಿಎಂನಲ್ಲಿ 4 ಕೆಜಿ ಫ್ಲೈವೀಲ್‌ಗೆ ಉಳಿಯಬಹುದಾದ ಅಸಮತೋಲ ಸುಮಾರು 14 ಗ್ರಾಂ-ಮಿ.ಮೀ. 140 ಮಿ.ಮೀ. ದೂರದ ಅಂಚಿನಲ್ಲಿ ಅದು ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಪುಣೆಯ ಕೈಗಾರಿಕಾ ವಸಾಹತುಗಳಲ್ಲಿ ಡೈನಾಮಿಕ್ ಬ್ಯಾಲೆನ್ಸಿಂಗ್ ಮಾಡುವವರು ಸಿಗುತ್ತಾರೆ. ಪ್ರೆಶರ್ ಪ್ಲೇಟನ್ನೂ ಜೋಡಿಸಿ ಒಟ್ಟಿಗೆ ನೋಡಿಸಿ, ಎರಡರ ಮೇಲೂ ಎದುರುಬದುರು ಗುರುತು ಹಾಕಿಸಿಕೊಳ್ಳಿ.

ಜೊತೆಗೆ ಬೇಕಾದ ಸಾಮಾನು: ಹೊಸ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಇದ್ದರೆ ಪೈಲಟ್ ಬೇರಿಂಗ್, ಕ್ರ್ಯಾಂಕ್‌ನ ಹಿಂಬದಿ ಆಯಿಲ್ ಸೀಲ್, ಹೊಸ ಫ್ಲೈವೀಲ್ ಬೋಲ್ಟುಗಳು, ಹೊಸ ಆಕ್ಸಲ್ ನಟ್ಟುಗಳು, ಗೇರ್ ಆಯಿಲ್, ಕ್ಲಚ್‌ಗೆ ಬ್ರೇಕ್ ಫ್ಲೂಯಿಡ್. ಉಪಕರಣಗಳಲ್ಲಿ ಟಾರ್ಕ್ ರೆಂಚ್, ಕೋನ ಅಳೆಯುವ ಗೇಜ್, ಫ್ಲೈವೀಲ್ ಹಿಡಿಯುವ ಲಾಕ್, ಕ್ಲಚ್ ನಡುಗೂಡಿಸುವ ಕಡ್ಡಿ, ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್. ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಇಳಿಸುವುದು

ಬ್ಯಾಟರಿಯ ನೆಗೆಟಿವ್ ತೆಗೆದು ಕಾರನ್ನು ಲಿಫ್ಟ್ ಮೇಲೆ ಏರಿಸಿ. ಗೇರ್ ಆಯಿಲ್ ಇಳಿಸಿ, ಡ್ರೈವ್ ಶಾಫ್ಟ್, ಸ್ಟಾರ್ಟರ್, ಗೇರ್ ಕೇಬಲ್ ಬಿಡಿಸಿ. ಕ್ಲಚ್ ಸ್ಲೇವ್ ಸಿಲಿಂಡರ್ ಪೈಪ್ ಸಮೇತ ಬದಿಗೆ ಕಟ್ಟಿ, ಆಮೇಲೆ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ, ಒತ್ತಿದರೆ ಪಿಸ್ಟನ್ ಹೊರಗೆ ಬೀಳುತ್ತದೆ. ಎಂಜಿನ್ನನ್ನು ಮೇಲಿನಿಂದ ಬಾರ್ ಹಾಕಿ ತೂಗುಹಾಕಿ. ಗೇರ್‌ಬಾಕ್ಸ್ ಸರಳರೇಖೆಯಲ್ಲಿ ಹಿಂದೆ ಬರಬೇಕು. ಅದರ ಭಾರ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಬಾರದು.

ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದು ಸುತ್ತು ಬಿಡಿಸುತ್ತ ಹೋಗಿ. ಹಳೆಯ ಪ್ಲೇಟ್ ಕೈಗೆ ಬಂದಾಗ ಅದನ್ನು ಎಸೆಯುವ ಮೊದಲು ಓದಿ. ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದರೆ ಅತಿ ಶಾಖ. ಎಣ್ಣೆ ಮೆತ್ತಿದ್ದರೆ ಮೂಸಿ ನೋಡಿ: ಗಂಧಕದ ಕಮಟು ವಾಸನೆ ಇದ್ದರೆ ಗೇರ್‌ಬಾಕ್ಸ್ ಸೀಲ್, ಇಲ್ಲದಿದ್ದರೆ ಕ್ರ್ಯಾಂಕ್ ಸೀಲ್. ಎಣ್ಣೆ ಇರಲಿ ಬಿಡಲಿ, ಈಗ ಕ್ರ್ಯಾಂಕ್ ಸೀಲ್ ಹೊಸದು ಹಾಕಿ. ಆ ಸಣ್ಣ ರಬ್ಬರಿಗಾಗಿ ಮತ್ತೆ ಇಷ್ಟೆಲ್ಲ ಬಿಚ್ಚುವುದು ಯಾರಿಗೂ ಬೇಡ.

ಕೂರಿಸುವುದು

ಎಲ್ಲರೂ ಅವಸರ ಮಾಡುವುದು ಇಲ್ಲಿ, ಅದುರು ಹುಟ್ಟುವುದೂ ಇಲ್ಲೇ. ಕ್ರ್ಯಾಂಕ್‌ನ ಹಿಂತುದಿಯ ಮುಖ ಸುಮಾರು 70 ಮಿ.ಮೀ. ಅಗಲ ಇದೆ ಎನ್ನಿ. ಅದರ ಒಂದು ಅಂಚಿನಲ್ಲಿ ಹಳೆಯ ಲಾಕ್‌ಟೈಟ್ ಅಂಟಿನ ಒಂದು ಚೂರು, 0.05 ಮಿ.ಮೀ. ದಪ್ಪ, ಉಳಿದುಬಿಟ್ಟಿದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಕಷ್ಟಕ್ಕೆ ತಿಳಿದೀತು. 280 ಮಿ.ಮೀ. ಅಗಲದ ಫ್ಲೈವೀಲ್ ಅದರ ಮೇಲೆ ಕೂತಾಗ ಅಂಚಿನಲ್ಲಿ ಅದೇ ಚೂರು 0.2 ಮಿ.ಮೀ. ಓಲಾಟವಾಗುತ್ತದೆ. ಅಷ್ಟು ಸಾಕು, ಕ್ಲಚ್ ಬಿಡುವಾಗ ಕಾರು ಅದುರಲು. ಆದ್ದರಿಂದ ಎರಡೂ ಮುಖಗಳನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ನುಣುಪಾದ ಎಣ್ಣೆಕಲ್ಲನ್ನು ಒಂದು ಸಲ ಹಗುರವಾಗಿ ಆಡಿಸಿ, ನೂಲು ಬಿಡದ ಬಟ್ಟೆಯಲ್ಲಿ ಮತ್ತೆ ಒರೆಸಿ. ಡೋವೆಲ್ ಪಿನ್ ಸುತ್ತಲಿನ ಮೂಲೆ ಮರೆಯಬೇಡಿ.

ಬೋಲ್ಟ್ ಹಾಕುವ ಮುಂಚೆ ಎರಡು ಪರೀಕ್ಷೆ. ಫ್ಲೈವೀಲ್‌ನ ದಪ್ಪ ಬೇರೆಯಾಗಿದ್ದರೆ ಬೋಲ್ಟ್‌ನ ಉದ್ದವೂ ಬೇರೆ ಬೇಕು. ಬೋಲ್ಟ್ ತುದಿ ರಂಧ್ರದ ತಳ ಮುಟ್ಟಿದರೆ ರೆಂಚ್ ಕ್ಲಿಕ್ ಎನ್ನುತ್ತದೆ, ಫ್ಲೈವೀಲ್ ಮಾತ್ರ ಬಿಗಿಯಾಗಿರುವುದಿಲ್ಲ. ಎರಡನೆಯದು, ರಂಧ್ರಗಳು ಕ್ರ್ಯಾಂಕ್‌ಕೇಸಿನೊಳಗೆ ತೆರೆದುಕೊಂಡಿದ್ದರೆ ಎಳೆಗಳಿಗೆ ಸೀಲೆಂಟ್ ಹಚ್ಚಬೇಕು, ಇಲ್ಲವಾದರೆ ಎಂಜಿನ್ ಆಯಿಲ್ ಎಳೆಗುಂಟ ಹರಿದು ಕ್ಲಚ್‌ಗೆ ಬರುತ್ತದೆ. ನಕ್ಷತ್ರದ ಆಕಾರದ ಸರದಿಯಲ್ಲಿ ಮೂರು ಹಂತದಲ್ಲಿ ಬಿಗಿ ಮಾಡಿ. ಅಂಕಿ ನಿಮ್ಮ ಎಂಜಿನ್‌ನ ಸರ್ವಿಸ್ ಕೈಪಿಡಿಯದ್ದೇ ಆಗಬೇಕು. ಉದಾಹರಣೆಗೆ ಫೋಕ್ಸ್‌ವ್ಯಾಗನ್ ಬಳಗದ ಹಲವು ಎಂಜಿನ್‌ಗಳಲ್ಲಿ 60 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ. ಹೀಗೆ ಕೋನ ಹೇಳಿರುವ ಬೋಲ್ಟ್‌ಗಳು ಎಳೆದುಕೊಂಡು ಬಿಗಿಯಾಗುವಂಥವು, ಎರಡನೇ ಸಲ ಬಳಸುವಂತಿಲ್ಲ.

ಈಗ ಡಯಲ್ ಗೇಜ್. ಸ್ಟ್ಯಾಂಡನ್ನು ಎಂಜಿನ್ ಬ್ಲಾಕ್‌ಗೆ ಗಟ್ಟಿಯಾಗಿ ನಿಲ್ಲಿಸಿ. ಬ್ಲಾಕ್ ಅಲ್ಯೂಮಿನಿಯಂ ಆದರೆ ಮ್ಯಾಗ್ನೆಟ್ ಹಿಡಿಯದು, ಒಂದು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿಕೊಳ್ಳಿ. ಮೊನೆಯನ್ನು ಕ್ಲಚ್ ಉಜ್ಜುವ ಮುಖದ ಹೊರ ಅಂಚಿಗೆ ತಾಗಿಸಿ. ಕ್ರ್ಯಾಂಕ್‌ಗೆ ಹಿಂದೆ ಮುಂದೆ ಸರಿಯುವ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ತಿರುಗಿಸುವಾಗ ಫ್ಲೈವೀಲನ್ನು ಒಂದೇ ಕಡೆಗೆ ಒತ್ತಿ ಹಿಡಿಯದಿದ್ದರೆ ಮುಳ್ಳು ತೋರಿಸುವುದು ಆ ಸಡಿಲವನ್ನೇ ಹೊರತು ಓಲಾಟವನ್ನಲ್ಲ. ಒಬ್ಬರು ಮುಂದಿನ ಪುಲ್ಲಿ ಬೋಲ್ಟ್ ನಿಧಾನ ತಿರುಗಿಸಲಿ, ಇನ್ನೊಬ್ಬರು ಒತ್ತಿ ಹಿಡಿದು ಮುಳ್ಳು ನೋಡಲಿ. ಕೈಪಿಡಿಯಲ್ಲಿ ಬೇರೆ ಅಂಕಿ ಇಲ್ಲದಿದ್ದರೆ 0.1 ಮಿ.ಮೀ. ಒಳಗಿದ್ದರೆ ಮುಂದುವರಿಯಿರಿ. ಮೀರಿದರೆ ಬಿಚ್ಚಿ, ಒರೆಸಿ, ಮತ್ತೆ ನೋಡಿ.

ಹೊಸ ಫ್ಲೈವೀಲ್ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್‌ನಲ್ಲಿ ಪೂರ್ತಿ ತೆಗೆದು ಆಮೇಲೆ ಬರಿಗೈಲಿ ಮುಟ್ಟಬೇಡಿ. ಕ್ಲಚ್ ಪ್ಲೇಟ್ ಮೇಲೆ ಫ್ಲೈವೀಲ್ ಕಡೆ ಯಾವುದೆಂದು ಬರೆದಿರುತ್ತದೆ. ತಿರುಗುಮುರುಗಾದರೆ ಹಬ್ ಹೋಗಿ ಬೋಲ್ಟ್ ತಲೆಗಳಿಗೆ ತಾಗುತ್ತದೆ, ಕ್ಲಚ್ ಬಿಡುವುದೇ ಇಲ್ಲ. ಸ್ಪ್ಲೈನ್‌ಗೆ ಕಡಲೆಕಾಳಿನಷ್ಟು ಗ್ರೀಸ್ ಸಾಕು. ಹೆಚ್ಚಾದದ್ದು ಸಿಡಿದು ಪ್ಲೇಟ್‌ಗೆ ಅಂಟುತ್ತದೆ. ಕಡ್ಡಿಯಿಂದ ನಡುಗೂಡಿಸಿ ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಗೇರ್‌ಬಾಕ್ಸ್ ವಾಪಸ್ ಏರಿಸುವಾಗ ಕೊನೆಯ 10 ಮಿ.ಮೀ. ಉಳಿದು ಕೂರದಿದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ, ಬೆಲ್‌ಹೌಸಿಂಗ್ ಕಿವಿ ಮುರಿಯುತ್ತದೆ. ಪ್ಲೇಟ್ ನಡುವಿನಲ್ಲಿಲ್ಲ ಎಂದೇ ಅರ್ಥ.

ಸ್ಟಾರ್ಟ್ ಮಾಡಿದ ಮೇಲೆ

ಥ್ರಾಟಲ್ ಅಡಾಪ್ಟೇಶನ್ (ಥ್ರಾಟಲ್ ಸ್ಥಾನವನ್ನು ಎಂಜಿನ್ ಕಂಪ್ಯೂಟರಿಗೆ ಮತ್ತೆ ಕಲಿಸುವುದು) ಮಾಡಿಸಿ. ಮೊದಲ 500 ಕಿ.ಮೀ. ಊರೊಳಗೇ ಓಡಿಸಿ, ಕ್ಲಚ್ ಪಳಗಲಿ. ಗೇರ್ ಏರಿಸುವಾಗ ಆರ್‌ಪಿಎಂ ಮೊದಲಿಗಿಂತ ಬೇಗ ಬೀಳುವುದರಿಂದ ನಿಧಾನವಾಗಿ ಬದಲಿಸುವವರಿಗೆ ಕಾರು ಜಗ್ಗಿದಂತಾಗುತ್ತದೆ. ಕಾತ್ರಜ್ ಹಳೆಯ ಘಾಟ್‌ನಂಥ ಏರಿನಲ್ಲಿ ನಿಂತು ಹೊರಡುವಾಗ ಹ್ಯಾಂಡ್‌ಬ್ರೇಕ್ ಬಳಸಿ.

ಚೆಕ್ ಎಂಜಿನ್ ದೀಪ ಹತ್ತಿ ಪಿ0300ರಿಂದ ಪಿ0304ರ ಒಳಗಿನ ಕೋಡ್ ಬಂದರೆ ತಕ್ಷಣ ಸ್ಪಾರ್ಕ್ ಪ್ಲಗ್ ಬದಲಿಸಲು ಓಡಬೇಡಿ. ಕ್ರ್ಯಾಂಕ್ ಸುತ್ತುವ ವೇಗದಲ್ಲಿ ಸಣ್ಣ ಏರಿಳಿತ ಕಂಡರೆ ಇಸಿಯು (ಎಂಜಿನ್ ಕಂಪ್ಯೂಟರ್) ಅದನ್ನು ಮಿಸ್‌ಫೈರ್, ಅಂದರೆ ಇಂಧನ ಉರಿಯದೆ ಹೋದದ್ದು, ಎಂದು ಲೆಕ್ಕ ಹಾಕುತ್ತದೆ. ಹಗುರ ಫ್ಲೈವೀಲ್‌ನಲ್ಲಿ ಆ ಏರಿಳಿತ ಸಹಜವಾಗಿಯೇ ಹೆಚ್ಚು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಕಾರುಗಳಲ್ಲಿ ಇದರ ನಿಗಾ ಬಿಗಿಯಾಗಿದೆ. ಆದರೆ ಸುಳ್ಳು ಕೋಡ್ ಎಂದು ಕಣ್ಣುಮುಚ್ಚಿ ನಂಬುವುದೂ ತಪ್ಪು. ನಿಜವಾದ ಮಿಸ್‌ಫೈರ್‌ನಲ್ಲಿ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಐಡಲ್‌ನಲ್ಲಿ ಮಾತ್ರ, ಎಲ್ಲ ಸಿಲಿಂಡರಿಗೂ ಹಂಚಿದಂತೆ ಬಂದರೆ ಫ್ಲೈವೀಲ್ ಕಾರಣ ಇರಬಹುದು. ಒಂದೇ ಸಿಲಿಂಡರ್ ಮತ್ತೆ ಮತ್ತೆ ಬಂದರೆ ಪ್ಲಗ್, ಕಾಯಿಲ್ ನೋಡಿಸಿ.

ಇದರ ಜೊತೆ ಮುಂದಿನ ಕ್ರ್ಯಾಂಕ್ ಪುಲ್ಲಿಯನ್ನೂ ಹಗುರದ್ದು ಹಾಕಿಸುವ ಆಸೆ ಬೇಡ. ಹಲವು ಎಂಜಿನ್‌ಗಳಲ್ಲಿ ಆ ಪುಲ್ಲಿಯ ರಬ್ಬರೇ ಕ್ರ್ಯಾಂಕ್‌ನ ತಿರುಚು ಅದುರನ್ನು ತಡೆಯುವ ಡ್ಯಾಂಪರ್.

ವಾರಂಟಿ

ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ಸಲಹೆ ಅಮೆರಿಕದವರದ್ದು. ಅಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾನೂನಿದೆ. ಹೊರಗಿನ ಬಿಡಿಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ. ಆ ಮಾತು ನಂಬಿ ಇಲ್ಲಿ ಸರ್ವಿಸ್ ಸೆಂಟರ್ ಮೆಟ್ಟಿಲು ಹತ್ತಬೇಡಿ. ನಮ್ಮಲ್ಲಿ ಅಂಥ ಪ್ರತ್ಯೇಕ ವಾರಂಟಿ ಕಾನೂನಿಲ್ಲ. ಕಾರಿನ ಜೊತೆ ಬಂದ ವಾರಂಟಿ ಪುಸ್ತಕದ ಷರತ್ತೇ ಕರಾರು. ಅದರಲ್ಲಿ ಮಾರ್ಪಾಡು, ಅನಧಿಕೃತ ಬಿಡಿಭಾಗ ಎಂಬ ಪದಗಳಿರುವ ಪುಟ ಹುಡುಕಿ ಅಕ್ಷರ ಬಿಡದೆ ಓದಿ. ಎಕ್ಸ್‌ಟೆಂಡೆಡ್ ವಾರಂಟಿ ಬೇರೆ ಕರಾರು, ಅದನ್ನೂ ಓದಿ. ಮಾರ್ಪಾಡಿನಿಂದ ಆದ ಹಾನಿಗೆ ಮಾತ್ರ ಹೊಣೆಯಿಲ್ಲ ಎಂದು ಬರೆದಿದೆಯೋ, ಮಾರ್ಪಾಡು ಮಾಡಿದರೆ ವಾರಂಟಿಯೇ ರದ್ದು ಎಂದು ಬರೆದಿದೆಯೋ, ಇದರ ಮೇಲೆ ಎಲ್ಲ ನಿಂತಿದೆ.

ಕ್ಲಚ್ ಸವೆಯುವ ಭಾಗವಾದ್ದರಿಂದ ಸಾಮಾನ್ಯವಾಗಿ ವಾರಂಟಿಗೆ ಬರುವುದೇ ಇಲ್ಲ. ಕಳೆದುಕೊಳ್ಳುವುದು ಅದರ ಅಕ್ಕಪಕ್ಕದ ದುಬಾರಿ ಸಾಮಾನಿನ ರಕ್ಷಣೆ: ಕ್ರ್ಯಾಂಕ್, ಮೇನ್ ಬೇರಿಂಗ್, ಗೇರ್‌ಬಾಕ್ಸ್‌ನ ಸಿಂಕ್ರೊ, ಇನ್‌ಪುಟ್ ಬೇರಿಂಗ್, ಸ್ಟಾರ್ಟರ್, ಎಂಜಿನ್ ಮೌಂಟ್. ಫ್ಲೈವೀಲ್ ಜೊತೆ ಬಿಗಿಯಾದ ಪ್ರೆಶರ್ ಪ್ಲೇಟ್ ಹಾಕಿದ್ದರೆ ಪೆಡಲ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಥ್ರಸ್ಟ್ ಬೇರಿಂಗ್ ಮೇಲೆ ಹೆಚ್ಚು ಹೊರೆ ಬೀಳುತ್ತದೆ. ಅದು ಸವೆದರೆ ಕಂಪನಿ ಬೆರಳು ತೋರಿಸುವುದು ನಿಮ್ಮ ಕಡೆಗೇ, ಆ ಮಾತಿನಲ್ಲಿ ನ್ಯಾಯವೂ ಇದೆ. ಎಸಿ, ಪವರ್ ವಿಂಡೋ, ಸ್ಟೀರಿಂಗ್‌ನಂಥ ಸಂಬಂಧವಿಲ್ಲದ ಭಾಗಕ್ಕೂ ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಲಿಖಿತ ಉತ್ತರ ಕೈಯಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಐಡಲ್ ಏರಿಸಲು ಇಸಿಯು ರೀಮ್ಯಾಪ್ ಮಾಡಿಸಿದರೆ ಗುರುತು ಇನ್ನೂ ಆಳಕ್ಕೆ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಬಳಗದಲ್ಲಿ ಬದಲಾದ ಸಾಫ್ಟ್‌ವೇರ್ ಪತ್ತೆಯಾದರೆ ಟಿಡಿ1 ಎಂಬ ಗುರುತು ಆ ಚಾಸಿ ನಂಬರಿಗೆ ಬೀಳುತ್ತದೆ. ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿಸಿದರೆ ಆ ಗುರುತು ತಾನಾಗಿ ಅಳಿಸಿಹೋಗುವುದಿಲ್ಲ.

ಗೇರ್‌ಬಾಕ್ಸ್ ಕೆಟ್ಟ ಮೇಲೆ ರಾತ್ರೋರಾತ್ರಿ ಹಳೆಯ ಫ್ಲೈವೀಲ್ ಕೂರಿಸಿ ವಾರಂಟಿ ಕೇಳುವ ಯೋಚನೆ ಬೇಡ. ಅದು ಮೋಸ. ಹೊಸ ಬೋಲ್ಟ್, ಹೊಸ ಸೀಲ್ ನೋಡಿದ ಕೂಡಲೇ ತಿಳಿದವರಿಗೆ ಗೊತ್ತಾಗುತ್ತದೆ. ಇನ್ಶೂರೆನ್ಸ್ ಕಂಪನಿಗೂ ಮಾರ್ಪಾಡು ಬರಹದಲ್ಲಿ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಫ್ಲೈವೀಲ್ ತೂಕ ಆರ್‌ಸಿಯಲ್ಲಿ ನಮೂದಾಗುವ ವಿವರವಲ್ಲ, ಆದರೆ ಅದರಿಂದ ವಾರಂಟಿಗೆ ಏನೂ ಬಲ ಬರುವುದಿಲ್ಲ.

ಕೆಲಸಕ್ಕೆ ಮುಂಚೆ ಕಂಪ್ರೆಶನ್ ಟೆಸ್ಟ್ ಮಾಡಿಸಿ ಅಂಕಿ ಬರೆದಿಡಿ, ಸ್ಕ್ಯಾನರ್ ವರದಿ ತೆಗೆದಿಡಿ. ಕ್ರ್ಯಾಂಕ್ ಮುಖ, ಡಯಲ್ ಗೇಜ್ ಮುಳ್ಳು, ಬೋಲ್ಟ್ ಮೇಲಿನ ಕೋನದ ಗುರುತು, ಇವುಗಳ ಫೋಟೋ ತೆಗೆಸಿ. ಬಿಲ್ಲಿನಲ್ಲಿ ಬಿಡಿಭಾಗದ ನಂಬರ್, ಟಾರ್ಕ್ ಅಂಕಿ, ಓಡೋಮೀಟರ್ ಬರೆಸಿ. ಹಳೆಯ ಫ್ಲೈವೀಲ್ ಗುಜರಿಗೆ ಹಾಕಬೇಡಿ, ಕಾರು ಮಾರುವ ದಿನ ಕೊಳ್ಳುವವರು ಅದನ್ನು ಕೇಳುತ್ತಾರೆ. ಉಜ್ಜುವ ಮುಖಕ್ಕೂ ಹಲ್ಲುಗಳಿಗೂ ದಪ್ಪನೆಯ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಳೆಗಾಲದ ತೇವ ತಾಗದ ಕಡೆ ಮಲಗಿಸಿ ಇಡಿ.